ಪಿಆರ್ ಏಜೆನ್ಸಿಯಲ್ಲಿ ಇಂಟರ್ನ್‌ಶಿಪ್: ಪತ್ರಿಕೋದ್ಯಮ ಓದುವವರಿಗೆ ನಿಜವಾಗಿ ಏನು ಸಿಗುತ್ತದೆ?

ತುಂಗಾತೀರ
ನಮಸ್ಕಾರ ಎಲ್ಲರಿಗೂ. ಪತ್ರಿಕೋದ್ಯಮ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ, ಶಿವಮೊಗ್ಗ ಕಡೆಯವಳು. ನಮಗೆ ಇಂಟರ್ನ್‌ಶಿಪ್ ಕಡ್ಡಾಯ. ಎರಡು ಕಡೆ ಕರೆದಿದ್ದಾರೆ. ಒಂದು ಇಲ್ಲೇ ದಿನಪತ್ರಿಕೆಯೊಂದರ ಜಿಲ್ಲಾ ಕಚೇರಿ. ಮನೆಯಿಂದಲೇ ಓಡಾಡಬಹುದು, ದುಡ್ಡು ಕೊಡುವುದಿಲ್ಲ. ಇನ್ನೊಂದು ಬೆಂಗಳೂರಿನ ಒಂದು ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿ. ಎರಡು ತಿಂಗಳು, ತಿಂಗಳಿಗೆ 8 ಸಾವಿರ.

ಮುಂದೆ ವರದಿಗಾರ್ತಿ ಆಗಬೇಕು ಅಂತಲೇ ನನ್ನ ಆಸೆ. ಪಿಆರ್ ಅಂದ ಕೂಡಲೇ ಕ್ಲಾಸಿನವರು "ಕಂಪನಿಗಳ ತುತ್ತೂರಿ ಊದೋಕೆ ಎಂ.ಎ. ಬೇಕಿತ್ತಾ" ಅನ್ನುತ್ತಾರೆ. ನಮ್ಮ ಮೇಡಂ ಮಾತ್ರ ಹೋಗು ಅನ್ನುತ್ತಿದ್ದಾರೆ. ನಾನು ಓದಿದ್ದು ಕನ್ನಡ ಮಾಧ್ಯಮ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ, ಮಾತಾಡಲು ತಡವರಿಸುತ್ತೇನೆ.

ಅಲ್ಲಿ ನಿಜವಾಗಿ ಏನು ಕೆಲಸ ಕೊಡುತ್ತಾರೆ? ಆಮೇಲೆ ಪತ್ರಿಕೆಗೆ ಬಂದರೆ ಅದರಿಂದ ಉಪಯೋಗ ಇದೆಯಾ? ಮಾಡಿದವರು ಬಿಡಿಸಿ ಹೇಳಿ.

ಧಾರವಾಡದ_ಮಳೆ
8 ಸಾವಿರ ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆಗೇ ಸರಿಹೋಗುತ್ತದೆ. ಊಟ, ಓಡಾಟಕ್ಕೆ ಮನೆಯಿಂದಲೇ ತರಿಸಬೇಕು. ಮೊದಲು ಅದನ್ನು ಲೆಕ್ಕ ಹಾಕಿ, ಉಳಿದದ್ದು ಆಮೇಲೆ.

ಬನಶಂಕರಿ_ಸ್ಟಾಪ್
ಓಡಾಟಕ್ಕೆ ಯಾಕೆ ದುಡ್ಡು? ಶಕ್ತಿ ಯೋಜನೆ ಇದೆಯಲ್ಲ. 2023ರ ಜೂನ್‌ನಿಂದ ಬಿಎಂಟಿಸಿ ಸಾಮಾನ್ಯ ಬಸ್ಸಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಎ.ಸಿ. ವಜ್ರ ಹತ್ತಬೇಡಿ ಅಷ್ಟೇ. ಆಫೀಸು ಎಲ್ಲಿದೆ ನೋಡಿಕೊಂಡು ನೇರ ಬಸ್ಸು ಇರುವ ಕಡೆ ಪಿ.ಜಿ. ಹಿಡಿಯಿರಿ.

ಬೆಳಗಿನ_ಡಾಕೆಟ್
ನಾನು ಮಾಡಿದ್ದೇನೆ, ಕಹಿ ಅನುಭವವನ್ನೇ ಹೇಳುತ್ತೇನೆ. ಏಜೆನ್ಸಿ ಹೆಸರು ಬೇಡ.

ಬೆಳಿಗ್ಗೆ ಏಳಕ್ಕೆಲ್ಲ ಲ್ಯಾಪ್‌ಟಾಪ್ ತೆಗೆದು ಎಲ್ಲ ಪತ್ರಿಕೆಗಳ ಇ-ಪೇಪರ್ ಜಾಲಾಡಬೇಕು. ಕ್ಲೈಂಟ್, ಅಂದರೆ ಏಜೆನ್ಸಿಗೆ ದುಡ್ಡು ಕೊಡುವ ಕಂಪನಿಯ ಹೆಸರು ಎಲ್ಲಿ ಬಂದಿದೆ, ಅವರ ಎದುರಾಳಿ ಕಂಪನಿ ಹೆಸರು ಎಲ್ಲಿ ಬಂದಿದೆ ಅಂತ ಹುಡುಕಿ ಕತ್ತರಿಸಿ, ಒಂದೊಂದಕ್ಕೂ ಪತ್ರಿಕೆ, ಆವೃತ್ತಿ, ಪುಟ, ದಿನಾಂಕ ಬರೆದು, ಒಂಬತ್ತೂವರೆ ಒಳಗೆ ಆ ತುಣುಕುಗಳ ಕಟ್ಟು, ಅಂದರೆ ಡಾಕೆಟ್ ಕಳಿಸಬೇಕು. ಆಮೇಲೆ ಎಕ್ಸೆಲ್. ಸುದ್ದಿ ಬಂದ ಜಾಗವನ್ನು ಅಳೆದು ಅದಕ್ಕೊಂದು ಬೆಲೆ ಕಟ್ಟಬೇಕು. 12 ಸೆಂಟಿಮೀಟರ್ ಅಗಲ, 10 ಎತ್ತರ ಇದ್ದರೆ 120 ಚದರ ಸೆಂಟಿಮೀಟರ್. ಆ ಪತ್ರಿಕೆಯ ಜಾಹೀರಾತು ದರ ಚದರ ಸೆಂಟಿಮೀಟರ್‌ಗೆ 500 ರೂಪಾಯಿ ಅಂತ ಇಟ್ಟುಕೊಳ್ಳಿ, 60 ಸಾವಿರ ಆಯಿತು. ಸುದ್ದಿಯನ್ನು ಜನ ಜಾಹೀರಾತಿಗಿಂತ ಜಾಸ್ತಿ ನಂಬುತ್ತಾರೆ ಅಂತ ಅದನ್ನು ಮೂರರಿಂದ ಗುಣಿಸಿ 1.8 ಲಕ್ಷ ಅಂತ ಬರೆಯುವುದು. ಕ್ಲೈಂಟ್‌ಗೆ ತಿಂಗಳ ಕೊನೆಗೆ "ಇಷ್ಟು ಲಕ್ಷದ ಕವರೇಜ್ ಕೊಡಿಸಿದ್ದೇವೆ" ಅನ್ನುವ ವರದಿ.

ಇಂಟರ್ನ್‌ಶಿಪ್ ಮುಗಿಯುವವರೆಗೆ ಇದೇ ಕೆಲಸ. ಒಂದು ಸಾಲು ಬರೆಸಲಿಲ್ಲ, ಒಬ್ಬ ವರದಿಗಾರರ ಹತ್ತಿರ ಮಾತಾಡಿಸಲಿಲ್ಲ. ಸರ್ಟಿಫಿಕೇಟ್‌ನಲ್ಲಿ ಮಾತ್ರ "ಮಾಧ್ಯಮ ಸಂಬಂಧ ನಿರ್ವಹಣೆ" ಅಂತ ದೊಡ್ಡದಾಗಿ ಬರೆದುಕೊಟ್ಟರು. ಇಂಥ ಕಡೆ ಹೋಗುವ ಬದಲು ಊರಿನ ಪತ್ರಿಕೆಯೇ ಮೇಲು.

ಏಜೆನ್ಸಿ_ಅಕ್ಕ
ಈ ಕ್ಷೇತ್ರದಲ್ಲಿ ಹದಿಮೂರು ವರ್ಷದಿಂದ ಇದ್ದೇನೆ. ಇಂಟರ್ನ್‌ಗಳನ್ನು ತೆಗೆದುಕೊಳ್ಳುವುದೂ ನಾನೇ. @ಬೆಳಗಿನ_ಡಾಕೆಟ್, ನಿಮಗೆ ಆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪತ್ರಿಕೆ ಜಾಲಾಡುವ ಕೆಲಸವನ್ನೇ ದಂಡ ಅನ್ನಬೇಡಿ. ಮೊದಲ ಎರಡು ವಾರ ಅದನ್ನು ಮಾಡಿದವರಿಗೆ ಯಾವ ಪತ್ರಿಕೆಯಲ್ಲಿ ಕೃಷಿ ಪುಟ ಯಾವ ದಿನ ಬರುತ್ತದೆ, ಆರೋಗ್ಯದ ಬಗ್ಗೆ ಯಾರು ಬರೆಯುತ್ತಾರೆ, ಯಾರ ಬರಹದಲ್ಲಿ ಅಂಕಿಸಂಖ್ಯೆ ಜಾಸ್ತಿ, ಯಾರಿಗೆ ಜನರ ಕಥೆ ಬೇಕು, ಇದೆಲ್ಲ ಬಾಯಿಪಾಠ ಆಗುತ್ತದೆ. ತರಗತಿಯಲ್ಲಿ ಕೂತವರಿಗೆ ಇದು ಗೊತ್ತಾಗುವುದಿಲ್ಲ. ಎರಡು ವಾರ ಆದಮೇಲೂ ಅದನ್ನೇ ಮಾಡಿಸಿದರೆ ಅದು ಕಡಿಮೆ ಸಂಬಳದ ಗುಮಾಸ್ತಿಕೆ.

ಇನ್ನು ಆ ಬೆಲೆ ಕಟ್ಟುವ ಲೆಕ್ಕ. ಅದನ್ನು ಎವಿಇ, ಅಂದರೆ ಜಾಹೀರಾತಿಗೆ ಸಮನಾದ ಮೌಲ್ಯ ಅನ್ನುತ್ತಾರೆ. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಪಿಆರ್ ಸಂಸ್ಥೆಗಳೇ ಇದು ಸರಿಯಾದ ಅಳತೆ ಅಲ್ಲ ಅಂತ ತೀರ್ಮಾನ ಮಾಡಿವೆ. ಆ ಮೂರರಿಂದ ಗುಣಿಸುವುದಕ್ಕೆ ಆಧಾರವೇ ಇಲ್ಲ. ಆದರೂ ಕ್ಲೈಂಟ್ ಕೇಳುತ್ತಾರೆ, ಏಜೆನ್ಸಿ ಕೊಡುತ್ತದೆ. ಇಂಟರ್ನ್ ಆಗಿ ಹೋದವರು ಈ ಲೆಕ್ಕ ಕಲಿಯಲಿ, ಯಾಕೆ ತಪ್ಪು ಅಂತಲೂ ಕಲಿಯಲಿ. ನಾಳೆ ನೀವು ವರದಿಗಾರ್ತಿ ಆದಾಗ ಯಾವುದೋ ಕಂಪನಿ "ನಮ್ಮ ಪ್ರಚಾರದ ಮೌಲ್ಯ ಇಷ್ಟು ಕೋಟಿ" ಅಂತ ಪ್ರೆಸ್ ನೋಟ್ ಕಳಿಸಿದರೆ ಆ ಸಂಖ್ಯೆ ಎಲ್ಲಿಂದ ಹುಟ್ಟಿತು ಅಂತ ನಿಮಗೆ ಗೊತ್ತಿರುತ್ತದೆ.

ತಂಗಿ, ಸೇರುವ ಮೊದಲು ಒಂದು ಫೋನ್ ಮಾಡಿ ಕೇಳು: ನನಗೆ ಯಾರು ಕೆಲಸ ಹೇಳಿಕೊಡುತ್ತಾರೆ? ನಾನು ಬರೆದ ಪ್ರಕಟಣೆ ಹೊರಗೆ ಹೋಗುತ್ತದೆಯಾ? ಪತ್ರಿಕೆಗಳಿಗೆ ಫೋನ್ ಮಾಡಲು ಬಿಡುತ್ತೀರಾ? ಉತ್ತರ ತಡವರಿಸಿದರೆ ಬೇಡ.

ಸತ್ಯವೇ_ಸುದ್ದಿ
ಇಷ್ಟೆಲ್ಲ ಒಳ್ಳೆ ಮಾತಿನ ನಡುವೆ ಮುಖ್ಯ ವಿಷಯ ಯಾರೂ ಹೇಳುತ್ತಿಲ್ಲ. ಪಿಆರ್ ಅಂದರೆ ದುಡ್ಡು ಕೊಟ್ಟವರ ಮಾತನ್ನು ಸುದ್ದಿಯ ವೇಷದಲ್ಲಿ ಜನರಿಗೆ ತಲುಪಿಸುವುದು. ವರದಿಗಾರ್ತಿ ಆಗಬೇಕು ಅನ್ನುವ ಹುಡುಗಿ ಮೊದಲು ಕಲಿಯುವುದೇ ಅದನ್ನಾ? ಸುದ್ದಿಗೋಷ್ಠಿಗೆ ಬಂದವರಿಗೆ ದುಡ್ಡಿನ ಕವರ್, ಗಿಫ್ಟ್ ವೋಚರ್ ಹಂಚುವುದನ್ನು ಕಣ್ಣಾರೆ ನೋಡಿದವನು ನಾನು. ಕಾಸಿಗಾಗಿ ಸುದ್ದಿ ಬಗ್ಗೆ ಪ್ರೆಸ್ ಕೌನ್ಸಿಲ್ 2010ರಲ್ಲೇ ವರದಿ ಮಾಡಿತ್ತು. ಈ ಗಾಳಿ ಸೋಕದೆ ಇರುವುದೇ ಒಳ್ಳೆಯದು.

ಏಜೆನ್ಸಿ_ಅಕ್ಕ
ಕವರ್ ಹಂಚುವ ಏಜೆನ್ಸಿಗಳು ಇವೆ. ನಾನು ಅಂಥ ಒಂದನ್ನು ಬಿಟ್ಟು ಬಂದೆ. ಆದರೆ ಕಾಸಿಗಾಗಿ ಸುದ್ದಿ ವ್ಯವಹಾರದಲ್ಲಿ ಆ ಕಡೆ ಕೈ ಚಾಚಿದವರು ಯಾರು ಅಂತಲೂ ಕೇಳಿ. ಪತ್ರಿಕೆ ಕಚೇರಿ ಶುದ್ಧ, ಪಿಆರ್ ಕೊಳಕು ಅಂತ ಗೆರೆ ಎಳೆಯಲು ಆಗುವುದಿಲ್ಲ.

ಪಾಠದ_ಮೇಷ್ಟ್ರು
ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಇತಿಹಾಸದ ಒಂದು ವಿಷಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ತಿರ ಪೆನ್ಸಿಲ್ವೇನಿಯಾ ರೈಲ್ವೆಯ ರೈಲೊಂದು ಸೇತುವೆಯಿಂದ ನೀರಿಗೆ ಬಿತ್ತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಆ ಕಾಲದ ಕಂಪನಿಗಳು ಇಂಥದ್ದನ್ನು ಮುಚ್ಚಿಡುತ್ತಿದ್ದವು. ಐವಿ ಲೀ ಅನ್ನುವವರು ರೈಲ್ವೆಯ ಪರವಾಗಿ ಪತ್ರಿಕೆಗಳಿಗೆ ತಾವೇ ಮಾಹಿತಿ ಬರೆದುಕೊಟ್ಟರು, ವರದಿಗಾರರನ್ನು ಅಪಘಾತದ ಜಾಗಕ್ಕೆ ಕರೆಸಿದರು. ಮೊದಲ ಪತ್ರಿಕಾ ಪ್ರಕಟಣೆ ಅಂತ ಸಾಮಾನ್ಯವಾಗಿ ಹೆಸರಿಸುವುದು ಅದನ್ನೇ. ಅಂದರೆ ಈ ಕಸುಬು ಶುರುವಾದದ್ದು ಮಾಹಿತಿ ತೆರೆದಿಡುವುದರಿಂದ.

ಸತ್ಯವೇ_ಸುದ್ದಿ
ಮೇಷ್ಟ್ರೇ, ಅರ್ಧ ಕಥೆ ಹೇಳಿದಿರಿ. ಅದೇ ಐವಿ ಲೀ 1914ರಲ್ಲಿ ಕೊಲರಾಡೋದ ಲಡ್ಲೋದಲ್ಲಿ ಮುಷ್ಕರದ ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿಯಾಗಿ ಹೆಂಗಸರು ಮಕ್ಕಳು ಸತ್ತ ಮೇಲೆ ರಾಕ್‌ಫೆಲರ್ ಕುಟುಂಬದ ಪರ ಕೆಲಸ ಮಾಡಿದರು. ಅವರು ಹೊರಡಿಸಿದ ಕರಪತ್ರಗಳಲ್ಲಿ ತಪ್ಪು ಮಾಹಿತಿ ಇತ್ತು. ಅದನ್ನೂ ಪಾಠ ಮಾಡಿ.

ಪಾಠದ_ಮೇಷ್ಟ್ರು
ಮಾಡುತ್ತೇನೆ ಸರ್, ಎರಡನ್ನೂ ಒಂದೇ ದಿನ ಮಾಡುತ್ತೇನೆ. ಒಬ್ಬನೇ ಮನುಷ್ಯ, ಒಂದೇ ಕಸುಬು, ಎಂಟು ವರ್ಷದ ಅಂತರದಲ್ಲಿ ಎರಡು ರೀತಿ. ವಿದ್ಯಾರ್ಥಿ ಇದನ್ನು ಪುಸ್ತಕದಲ್ಲಿ ಓದುವುದಕ್ಕೂ, ಕ್ಲೈಂಟ್ ಎದುರಿಗೆ ಕೂತು "ಈ ಸಂಖ್ಯೆ ಬಿಟ್ಟುಬಿಡಿ" ಅಂತ ಹೇಳುವುದನ್ನು ಕೇಳುವುದಕ್ಕೂ ವ್ಯತ್ಯಾಸ ಇದೆ. ಅದಕ್ಕೇ ಕಳಿಸುತ್ತೇವೆ.

ರಾತ್ರಿಪಾಳಿ_ಡೆಸ್ಕ್
ಕನ್ನಡ ದಿನಪತ್ರಿಕೆಯಲ್ಲಿ ಉಪಸಂಪಾದಕ. ನೀತಿ ಅನೀತಿ ಚರ್ಚೆ ಆಮೇಲೆ ಮಾಡೋಣ. ನಮ್ಮ ಟೇಬಲ್‌ಗೆ ಏನು ಬಂದು ಬೀಳುತ್ತದೆ ಅಂತ ಹೇಳುತ್ತೇನೆ, ಆಗ ಇಂಟರ್ನ್ ಏನು ಕಲಿಯಬೇಕು ಅಂತ ಗೊತ್ತಾಗುತ್ತದೆ.

ಸಂಜೆ ಹೊತ್ತಿಗೆ ಇನ್‌ಬಾಕ್ಸ್ ತುಂಬ ಪ್ರೆಸ್ ನೋಟ್. ಅರ್ಧಕ್ಕರ್ಧ ಇಂಗ್ಲಿಷ್‌ನಲ್ಲಿ. ಕನ್ನಡದಲ್ಲಿ ಬಂದವುಗಳಲ್ಲಿ ಸುಮಾರಿಗೆ ಎಲ್ಲ ಯಂತ್ರದ ಅನುವಾದ. "ನಾವು ಘೋಷಿಸಲು ಉತ್ಸುಕರಾಗಿದ್ದೇವೆ" ಅಂತ ಶುರುವಾಗುತ್ತದೆ. ಯಾರು ಉತ್ಸುಕರಾಗಿದ್ದಾರೆ ಅನ್ನುವುದು ಓದುಗರಿಗೆ ಬೇಕಿಲ್ಲ. ಏನು ಆಯಿತು, ಎಲ್ಲಿ, ಯಾವತ್ತು, ಯಾರಿಗೆ ಉಪಯೋಗ? ಅದು ಮೂರನೇ ಪ್ಯಾರಾದಲ್ಲಿ ಅಡಗಿ ಕೂತಿರುತ್ತದೆ. ಮೊದಲೆರಡು ಪ್ಯಾರಾ ಪೂರ್ತಿ ಕಂಪನಿಯ ಮುಖ್ಯಸ್ಥರ ಹೇಳಿಕೆ.

ಆಮೇಲೆ ಫೈಲ್. ನುಡಿ ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿ ಕಳಿಸುತ್ತಾರೆ. ಅದನ್ನು ಕಾಪಿ ಮಾಡಿ ಪುಟಕ್ಕೆ ಹಾಕಿದರೆ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ. ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ರಾತ್ರಿ ಎಂಟಕ್ಕೆ ಕೂತು ಯಾರು ಮತ್ತೆ ಟೈಪ್ ಮಾಡುತ್ತಾರೆ? ಪಕ್ಕಕ್ಕೆ ಸರಿಸುತ್ತೇವೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕಳಿಸಿ, ಇಲ್ಲವೇ ಮೇಲ್‌ನಲ್ಲೇ ಅಂಟಿಸಿ. ಫೋಟೋ ಬೇರೆ ಫೈಲ್ ಇರಲಿ, ವಾಟ್ಸ್‌ಆ್ಯಪ್‌ನಿಂದ ಇಳಿಸಿದ ಮಸುಕು ಚಿತ್ರ ಬೇಡ. ಚಿತ್ರದಲ್ಲಿ ಎಡದಿಂದ ಬಲಕ್ಕೆ ಯಾರು ಯಾರು ಅಂತ ಹೆಸರು, ಹುದ್ದೆ ಬರೆಯಿರಿ. ಹೆಸರಿನ ಕಾಗುಣಿತ ತಪ್ಪಿದರೆ ಮರುದಿನ ಬೈಸಿಕೊಳ್ಳುವವರು ನಾವು.

ಸಂಜೆ ಏಳರ ಮೇಲೆ ಫೋನ್ ಮಾಡಿ "ಸರ್, ಮೇಲ್ ನೋಡಿದಿರಾ" ಅಂತ ಕೇಳಬೇಡಿ. ಪುಟ ಕಟ್ಟುವ ಹೊತ್ತು ಅದು. ಮಧ್ಯಾಹ್ನ ಮೂರರ ಒಳಗೆ ಮಾತಾಡಿದರೆ ನಾವೂ ಮನುಷ್ಯರ ಹಾಗೆ ಉತ್ತರ ಕೊಡುತ್ತೇವೆ.

ಇಷ್ಟನ್ನು ಎರಡು ತಿಂಗಳಲ್ಲಿ ಕಲಿತು ಬಂದ ಹುಡುಗ ಹುಡುಗಿಯರನ್ನು ನಾನು ನೋಡಿದ್ದೇನೆ. ಪತ್ರಿಕೆಗೆ ಸೇರಿದ ಮೊದಲ ವಾರವೇ ಅವರ ಕಾಪಿ ಚೊಕ್ಕ ಇರುತ್ತದೆ. ಹತ್ತಾರು ಪ್ರೆಸ್ ನೋಟ್ ಯಾಕೆ ಬುಟ್ಟಿಗೆ ಹೋದವು ಅಂತ ಗೊತ್ತಿದ್ದವರಿಗೆ ಸುದ್ದಿಯ ಮೊದಲ ಸಾಲು ಹೇಗಿರಬೇಕು ಅಂತ ಬೇರೆ ಪಾಠ ಬೇಕಾಗುವುದಿಲ್ಲ.

ಬನಶಂಕರಿ_ಸ್ಟಾಪ್
"ಉತ್ಸುಕರಾಗಿದ್ದೇವೆ" ಸಾಲು ದಿನಾ ಓದುತ್ತೇನೆ. ಅದನ್ನು ಹಾಗೇ ಪ್ರಕಟಿಸುವ ವೆಬ್‌ಸೈಟ್‌ಗಳೂ ಇವೆಯಲ್ಲ ಸರ್, ಅವರಿಗೆ ಏನು ಹೇಳುತ್ತೀರಿ?

ರಾತ್ರಿಪಾಳಿ_ಡೆಸ್ಕ್
ಅಲ್ಲಿ ಸುದ್ದಿ ತಿದ್ದುವ ಡೆಸ್ಕ್ ಅನ್ನುವುದೇ ಇರುವುದಿಲ್ಲ. ಬಂದದ್ದನ್ನು ಬಂದ ಹಾಗೆ ಏರಿಸುತ್ತಾರೆ. ಅದನ್ನು ಕವರೇಜ್ ಅಂತ ಎಣಿಸುವ ಏಜೆನ್ಸಿಗಳೂ ಇವೆ.

ತುಂಗಾತೀರ
ಅಬ್ಬಾ, ಇಷ್ಟು ಬೇಗ ಇಷ್ಟೊಂದು ಉತ್ತರ. ಎಲ್ಲರಿಗೂ ಧನ್ಯವಾದ. @ರಾತ್ರಿಪಾಳಿ_ಡೆಸ್ಕ್ ಸರ್, ಏಜೆನ್ಸಿಯವರು ಸಂದರ್ಶನದಲ್ಲಿ ಕೇಳಿದ್ದೂ ಕನ್ನಡದ ಬಗ್ಗೆಯೇ. ಒಂದು ಇಂಗ್ಲಿಷ್ ಪ್ರಕಟಣೆ ಕೊಟ್ಟು ಕನ್ನಡ ಮಾಡಿಸಿದರು. ಅದು ಅನುವಾದದ ಕೆಲಸ ಅಷ್ಟೇ ಆಗಿಬಿಡುತ್ತದಾ ಅಂತ ಭಯ.

ಏಜೆನ್ಸಿ_ಅಕ್ಕ
ಅನುವಾದ ಅಂತ ತಗೊಂಡರೆ ಅನುವಾದಕ್ಕೇ ನಿಲ್ಲುತ್ತದೆ. ಇಂಗ್ಲಿಷ್ ಪ್ರಕಟಣೆ ಮಡಚಿಟ್ಟು, ಇದೇ ವಿಷಯವನ್ನು ಹಾವೇರಿಯ ಮೆಣಸಿನಕಾಯಿ ಬೆಳೆಗಾರರಿಗೆ ಹೇಳುವುದಾದರೆ ಎಲ್ಲಿಂದ ಶುರು ಮಾಡುತ್ತೇನೆ ಅಂತ ಯೋಚಿಸಿ ಹೊಸದಾಗಿ ಬರೆ. ನಮ್ಮಲ್ಲಿ ಒಬ್ಬ ಹುಡುಗ ಇದ್ದ, ರಾಯಚೂರು ಕಡೆಯವನು. ಒಂದು ಬೀಜದ ಕಂಪನಿಯ ಇಂಗ್ಲಿಷ್ ಪ್ರಕಟಣೆಯಲ್ಲಿ ಹೆಕ್ಟೇರ್ ಲೆಕ್ಕ ಇತ್ತು. ಅವನು ಎಕರೆಗೆ ಇಳಿಸಿ, ಕ್ವಿಂಟಲ್‌ನಲ್ಲಿ ಇಳುವರಿ ಬರೆದು, ಬಿತ್ತನೆ ಯಾವ ಮಳೆಗೆ ಅಂತ ಕಂಪನಿಯ ಕೃಷಿ ಅಧಿಕಾರಿಗೇ ಫೋನ್ ಮಾಡಿ ಕೇಳಿ ಸೇರಿಸಿದ. ಇಂಗ್ಲಿಷ್ ಪ್ರಕಟಣೆಗೆ ಸಿಗದ ಜಾಗ ಜಿಲ್ಲಾ ಪುಟಗಳಲ್ಲಿ ಅದಕ್ಕೆ ಸಿಕ್ಕಿತು. ಇವತ್ತು ನಮ್ಮ ಸಭೆಗಳಲ್ಲಿ ಅವನ ಮಾತಿಗೆ ತೂಕ ಇದೆ. ಅವನ ಇಂಗ್ಲಿಷ್ ಈಗಲೂ ಸಾಧಾರಣ.

ಬೆಂಗಳೂರಿನ ಏಜೆನ್ಸಿಗಳಲ್ಲಿ ಇಂಗ್ಲಿಷ್ ಬಲ್ಲವರು ಬೇಕಾದಷ್ಟು ಜನ. ಜಿಲ್ಲಾ ಪುಟ ಓದಿ ಬೆಳೆದವರು ಕಡಿಮೆ.

ಕುಡ್ಲದ_ಗಾಳಿ
ಒಂದು ಎಚ್ಚರಿಕೆ. ಏಜೆನ್ಸಿ ಬಿಟ್ಟು ಆಸ್ಪತ್ರೆ ಕಡೆ ಪಿಆರ್ ಇಂಟರ್ನ್‌ಶಿಪ್ ಹುಡುಕುವವರು ಸರಿಯಾಗಿ ಕೇಳಿಕೊಳ್ಳಿ. ನಮ್ಮ ಕರಾವಳಿಯ ಆಸ್ಪತ್ರೆಗಳಲ್ಲಿ ಪಿಆರ್‌ಒ (ಸಾರ್ವಜನಿಕ ಸಂಪರ್ಕಾಧಿಕಾರಿ) ಅಂದರೆ ಬಹಳ ಕಡೆ ರೋಗಿಗಳಿಗೆ ದಾರಿ ತೋರಿಸುವ, ಇನ್ಶೂರೆನ್ಸ್ ಕಾಗದ ಮಾಡಿಸುವ, ಡಿಸ್ಚಾರ್ಜ್ ತಡವಾದರೆ ಬೈಗುಳ ತಿನ್ನುವ ಕೆಲಸ. ನನ್ನ ತಂಗಿ ಮಾಧ್ಯಮದ ಕೆಲಸ ಅಂದುಕೊಂಡು ಸೇರಿದಳು, ಪೂರ್ತಿ ರಿಸೆಪ್ಷನ್‌ನಲ್ಲಿ ನಿಂತಳು.

ಆದರೆ ಅವಳ ಮಾತನ್ನೂ ಹೇಳಬೇಕು. ಸಿಟ್ಟಾದವರ ಹತ್ತಿರ ಮಾತಾಡುವ ರೀತಿ ಅವಳು ಅಲ್ಲಿ ಕಲಿತಳು. "ನಿಮ್ಮ ಬಿಲ್ಲು ಹನ್ನೊಂದಕ್ಕೆ ರೆಡಿ ಆಗುತ್ತದೆ, ಆಗದಿದ್ದರೆ ನಾನೇ ಬಂದು ಹೇಳುತ್ತೇನೆ" ಅಂತ ಹೊತ್ತು ಹೇಳಿ, ಆ ಹೊತ್ತಿಗೆ ಹೋಗಿ ನಿಲ್ಲಬೇಕು. ಬಿಲ್ಲು ಆಗಿರದಿದ್ದರೂ ಹೋಗಬೇಕು. ಅಷ್ಟು ಮಾಡಿದರೆ ಅರ್ಧ ಜಗಳ ಆಗುವುದೇ ಇಲ್ಲ ಅನ್ನುತ್ತಾಳೆ.

ಪಾಠದ_ಮೇಷ್ಟ್ರು
ಇದೇ ಪಿಆರ್‌ನ ಮೂಲ ಪಾಠ. ದೊಡ್ಡ ಕಂಪನಿಗಳೇ ಇದರಲ್ಲಿ ಎಡವುತ್ತವೆ. 2015ರ ಮ್ಯಾಗಿ ಪ್ರಕರಣ ನೋಡಿ. ಸೀಸದ ಅಂಶದ ಸುದ್ದಿ ಹಬ್ಬಿ ಜನ ಗಾಬರಿಯಾಗಿದ್ದಾಗ ಕಂಪನಿಯಿಂದ ಸರಿಯಾದ ಮಾತೇ ಬರಲಿಲ್ಲ. ಜೂನ್ 5ರಂದು ಜಾಗತಿಕ ಮುಖ್ಯಸ್ಥರು ದೆಹಲಿಗೆ ಬಂದು ಸುದ್ದಿಗೋಷ್ಠಿ ಮಾಡುವ ಹೊತ್ತಿಗೆ ಅಂಗಡಿಗಳಿಂದ ಪ್ಯಾಕೆಟ್ ವಾಪಸ್ ಹೋಗುತ್ತಿತ್ತು. ಅದೇ ದಿನ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಷೇಧದ ಆದೇಶ. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶ ರದ್ದು ಮಾಡಿತು, ನವೆಂಬರ್‌ನಲ್ಲಿ ಮತ್ತೆ ಮಾರಾಟಕ್ಕೆ ಬಂತು. ಕೋರ್ಟಿನಲ್ಲಿ ಗೆದ್ದರೂ ಆ ಮೊದಲ ದಿನಗಳ ಮೌನಕ್ಕೆ ಬೆಲೆ ತೆತ್ತರು.

ಸತ್ಯವೇ_ಸುದ್ದಿ
ಮೌನ ಮುರಿಯುವುದು ಬೇರೆ, ನಿಜ ಹೇಳುವುದು ಬೇರೆ. ನನ್ನ ತಕರಾರು ಅಲ್ಲೇ ಇದೆ.

ಸಿನಿಮಾ_ಶುಕ್ರವಾರ
ನಮ್ಮ ಚಿತ್ರರಂಗವನ್ನು ಯಾರೂ ನೆನಪಿಸಿಕೊಳ್ಳುತ್ತಿಲ್ಲ! 1976ರಲ್ಲೇ ಡಿ.ವಿ. ಸುಧೀಂದ್ರ ಅವರು ಶ್ರೀ ರಾಘವೇಂದ್ರ ಚಿತ್ರವಾಣಿ ಶುರು ಮಾಡಿದ್ದರು. ಕನ್ನಡ ಸಿನಿಮಾಗಳಿಗೆ ಪ್ರಚಾರ ಅನ್ನುವುದನ್ನು ಒಂದು ಕಸುಬಾಗಿ ನಿಲ್ಲಿಸಿದವರು ಅವರು. ಆ ಸಂಸ್ಥೆ ಪ್ರತಿ ವರ್ಷ ಚಿತ್ರರಂಗದವರಿಗೆ, ಪತ್ರಕರ್ತರಿಗೆ ಪ್ರಶಸ್ತಿ ಕೊಡುತ್ತಾ ಬಂದಿದೆ. ಯಾವ ಏಜೆನ್ಸಿಯೂ ಇಲ್ಲಿ ಕಾಲಿಡದ ಕಾಲದಲ್ಲಿ ಸ್ಟಿಲ್ ಫೋಟೋ, ಕೈಬರಹದ ಸುದ್ದಿ ಹಿಡಿದು ಪತ್ರಿಕಾ ಕಚೇರಿ ಅಲೆದವರು ಈ ಪಿಆರ್‌ಒಗಳು. ಸಿನಿಮಾ ಬಗ್ಗೆ ಬರೆಯುವ ಆಸೆ ಇದ್ದವರು ಒಂದು ಸಿನಿಮಾದ ಬಿಡುಗಡೆವರೆಗೆ ಪಿಆರ್‌ಒ ಜೊತೆ ಓಡಾಡಿ. ಪ್ರೆಸ್ ಮೀಟ್‌ಗೆ ಯಾರನ್ನು ಯಾವ ಸಾಲಿನಲ್ಲಿ ಕೂರಿಸಬೇಕು ಅನ್ನುವುದರಿಂದ ಶುರುವಾಗುತ್ತದೆ ಪಾಠ.

ಧಾರವಾಡದ_ಮಳೆ
ಸಿನಿಮಾ ಪ್ರಮೋಷನ್ ಹುಬ್ಬಳ್ಳಿಗೆ ಬಂದಾಗ ನಮ್ಮ ಕಾಲೇಜಿನವರನ್ನು ಕುರ್ಚಿ ತುಂಬಿಸಲು ಕರೆಯುತ್ತಾರೆ. ಆ ಇಂಟರ್ನ್‌ಶಿಪ್ ಪುಕ್ಕಟೆ ಆಗಿದೆ.

ಗಾಜನೂರು_ನೋಟ
ಕಂಪನಿ, ಸಿನಿಮಾ ಎರಡೇ ಪಿಆರ್ ಅನ್ನುವ ಹಾಗೆ ಮಾತು ಹೋಗುತ್ತಿದೆ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಹೆಸರಲ್ಲೇ ಇದೆಯಲ್ಲ. ಪ್ರತಿ ಜಿಲ್ಲೆಯಲ್ಲೂ ಅವರ ಕಚೇರಿ ಇದೆ. "ಜನಪದ", "ಮಾರ್ಚ್ ಆಫ್ ಕರ್ನಾಟಕ" ಮಾಸಪತ್ರಿಕೆಗಳನ್ನು ತರುವವರೂ ಅವರೇ. ನಾನು ಪತ್ರಿಕೋದ್ಯಮ ಓದುವಾಗ ಒಂದು ಜಿಲ್ಲಾ ವಾರ್ತಾ ಕಚೇರಿಯಲ್ಲಿ ಮಳೆಗಾಲದಲ್ಲಿ ಇಂಟರ್ನ್ ಆಗಿದ್ದೆ.

ಮಳೆಗಾಲ ಅಂದರೆ ಅಣೆಕಟ್ಟಿನ ಪ್ರಕಟಣೆ. ನೀರಾವರಿಯವರಿಂದ ಒಂದು ಸಾಲಿನ ಮಾಹಿತಿ ಬರುತ್ತದೆ: ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ನಾನು ಅದನ್ನೇ ನೀಟಾಗಿ ಟೈಪ್ ಮಾಡಿ ಕೊಟ್ಟೆ. ವಾರ್ತಾಧಿಕಾರಿ ಓದಿ ವಾಪಸ್ ಕೊಟ್ಟು, "ಹೊಳೆ ದಂಡೆಯಲ್ಲಿ ಎಮ್ಮೆ ಬಿಟ್ಟಿರುವವರಿಗೆ ಕ್ಯುಸೆಕ್ ಅಂದ್ರೆ ಏನಮ್ಮಾ?" ಅಂದರು. ಆಮೇಲೆ ತಿದ್ದಿದ್ದು ಹೀಗೆ: ಯಾವ ಅಣೆಕಟ್ಟಿನ ಗೇಟು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅನ್ನುವುದು ಮೊದಲ ಸಾಲು. ದನಕರು ಹೊಳೆಗೆ ಇಳಿಸಬೇಡಿ, ಬಟ್ಟೆ ಒಗೆಯಲು ಹೋಗಬೇಡಿ, ಪಂಪ್‌ಸೆಟ್ ಮೇಲೆ ತನ್ನಿ ಅನ್ನುವುದು ಎರಡನೆಯದು. ಸಹಾಯವಾಣಿ ಸಂಖ್ಯೆ ಮೂರನೆಯದು. ಕ್ಯುಸೆಕ್ ಕೊನೆಗೆ. ಅದನ್ನು ಆಕಾಶವಾಣಿಗೆ, ಪತ್ರಿಕೆಗಳಿಗೆ, ಪಂಚಾಯಿತಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸುತ್ತಿದ್ದೆವು. ಬರೆದದ್ದು ಅಂದೇ ಜನರ ಉಪಯೋಗಕ್ಕೆ ಬೀಳುವುದು ಹೇಗಿರುತ್ತದೆ ಅಂತ ಆಗ ಗೊತ್ತಾಯಿತು.

@ತುಂಗಾತೀರ, ನಿಮ್ಮ ಊರ ಹತ್ತಿರವೇ ಗಾಜನೂರು ಅಣೆಕಟ್ಟು ಇದೆ, ತುಂಗೆ ತುಂಬಿದರೆ ಮೊದಲು ಗೊತ್ತಾಗುವುದು ನಿಮಗೆ. ಜಿಲ್ಲಾ ವಾರ್ತಾ ಕಚೇರಿಗೆ ಒಂದು ಅರ್ಜಿ ಹಾಕಿ ನೋಡಿ. ಪರಿಶಿಷ್ಟ ಜಾತಿ, ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ಇಲಾಖೆ ಸ್ಟೈಪೆಂಡ್ ಕೊಟ್ಟು ಅಪ್ರೆಂಟಿಸ್ ಆಗಿ ತೆಗೆದುಕೊಂಡದ್ದೂ ಇದೆ. ಪ್ರಕಟಣೆ ಬಂದಾಗ ಗಮನಿಸಿ.

ಬೆಳಗಿನ_ಡಾಕೆಟ್
ಇದು ನಿಜವಾಗಲೂ ಒಳ್ಳೆ ಕೆಲಸ. ನಮಗೆ ಈ ದಾರಿ ಇದೆ ಅಂತ ಯಾರೂ ಹೇಳಿರಲಿಲ್ಲ.

ಸತ್ಯವೇ_ಸುದ್ದಿ
@ಗಾಜನೂರು_ನೋಟ, ಇದಕ್ಕೆ ನನ್ನ ವಿರೋಧ ಇಲ್ಲ. ಆದರೆ ಅದೇ ಕಚೇರಿ ಮಂತ್ರಿಗಳ ಗುದ್ದಲಿ ಪೂಜೆ ಫೋಟೋವನ್ನೂ ಕಳಿಸುತ್ತದೆ, ಮರೆಯಬೇಡಿ.

ಗಾಜನೂರು_ನೋಟ
ಕಳಿಸುತ್ತದೆ. ಎರಡನ್ನೂ ನಾನೇ ಟೈಪ್ ಮಾಡಿದ್ದೇನೆ. ಯಾವುದು ಜನರಿಗೆ, ಯಾವುದು ಮಂತ್ರಿಗೆ ಅಂತ ಬೇರೆ ಮಾಡಿ ನೋಡುವ ಕಣ್ಣು ಬಂದದ್ದೂ ಅಲ್ಲೇ.

ಹಾಸನ_ಹೈದ
ದುಡ್ಡಿನ ಸಮಸ್ಯೆ ಇರುವವರು ಪಿಎಂ ಇಂಟರ್ನ್‌ಶಿಪ್ ಯೋಜನೆಗೆ ಅರ್ಜಿ ಹಾಕಬಹುದಲ್ಲ? ಶುರುವಾದಾಗ ತಿಂಗಳಿಗೆ 5 ಸಾವಿರ ಇತ್ತು, ದೊಡ್ಡ ಕಂಪನಿಗಳು.

ಪಾಠದ_ಮೇಷ್ಟ್ರು
ಆಗುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಆ ಯೋಜನೆ ಶುರುವಾದಾಗಲೇ ಪೂರ್ಣಾವಧಿ ಓದುತ್ತಿರುವವರಿಗೆ ಅಲ್ಲ ಅಂತ ಹೇಳಿದ್ದಾರೆ. ಆಗ ಇಟ್ಟಿದ್ದು ವಯಸ್ಸು 21ರಿಂದ 24, ಅವಧಿ 12 ತಿಂಗಳು. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಸರಿ. ಸೆಮಿಸ್ಟರ್‌ನ ಇಂಟರ್ನ್‌ಶಿಪ್‌ಗೆ ಹೊಂದುವುದಿಲ್ಲ.

ಕ್ರೆಡಿಟ್ ಲೆಕ್ಕವನ್ನೂ ನಿಮ್ಮ ವಿಭಾಗದಲ್ಲೇ ಕೇಳಿ. ಪದವಿ ಹಂತಕ್ಕೆ ಯುಜಿಸಿ ಹೇಳಿರುವುದು ಇಂಟರ್ನ್‌ಶಿಪ್‌ನ 1 ಕ್ರೆಡಿಟ್‌ಗೆ 30 ಗಂಟೆ. ಎಂ.ಎ.ಗೆ ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ರೀತಿ. ಏಜೆನ್ಸಿಯಿಂದ ಬರುವ ಪತ್ರದಲ್ಲಿ ತಾರೀಕಿನ ಜೊತೆ ಗಂಟೆಗಳೂ ಇರಲಿ. ಇಲ್ಲದಿದ್ದರೆ ಆಮೇಲೆ ಓಡಾಟ.

ರಾಗಿ_ರೊಟ್ಟಿ
ಯಾರೂ ಕೇಳದ ಪ್ರಶ್ನೆ ಕೇಳುತ್ತೇನೆ. ಈಗ ಪ್ರೆಸ್ ನೋಟ್ ಎಲ್ಲ ಚಾಟ್‌ಜಿಪಿಟಿ ಬರೆದುಕೊಡುತ್ತದೆ. ಎರಡು ವರ್ಷ ಆದಮೇಲೆ ಈ ಇಂಟರ್ನ್‌ಗಳಿಗೆ ಏನು ಕೆಲಸ?

ರಾತ್ರಿಪಾಳಿ_ಡೆಸ್ಕ್
ಬರೆದುಕೊಡುತ್ತದೆ. "ಉತ್ಸುಕರಾಗಿದ್ದೇವೆ" ಸಮೇತ ಬರೆದುಕೊಡುತ್ತದೆ. ಮೇಲೆ ಏಜೆನ್ಸಿ_ಅಕ್ಕ ಹೇಳಿದ ಹುಡುಗ ಕೃಷಿ ಅಧಿಕಾರಿಗೆ ಫೋನ್ ಮಾಡಿ ಕೇಳಿದನಲ್ಲ, ಆ ಫೋನ್ ಯಾರು ಮಾಡುತ್ತಾರೆ?

ಏಜೆನ್ಸಿ_ಅಕ್ಕ
ನಮ್ಮಲ್ಲಿ ಕರಡಿಗೆ ಬಳಸುತ್ತಾರೆ, ಮುಚ್ಚಿಡುವುದೇನಿಲ್ಲ. ಆದರೆ ವರದಿಗಾರರು ಫೋನ್ ಎತ್ತಿ "ಇದರಲ್ಲಿ ಹೊಸದೇನಿದೆ ಹೇಳಿ, ಅರ್ಧ ನಿಮಿಷ ಇದೆ" ಅಂದಾಗ ಬಾಯಿ ತೆರೆಯಬೇಕಾದವರು ನೀವು. ಮೊದಲ ಸಲ ನಾಲಿಗೆ ಒಣಗುತ್ತದೆ. ಕೆಲವರು ಕಟ್ ಮಾಡುತ್ತಾರೆ. ಒಬ್ಬರು ನಿಂತು "ಇದು ನಮ್ಮ ಪುಟಕ್ಕೆ ಅಲ್ಲ, ವಾಣಿಜ್ಯದವರಿಗೆ ಕೊಡಿ, ಬೆಲೆ ಎಷ್ಟು ಇಳಿಯಿತು ಅಂತ ಮೊದಲು ಹೇಳಿ" ಅನ್ನುತ್ತಾರೆ. ಆ ಒಬ್ಬರ ಮಾತು ಬರೆದಿಟ್ಟುಕೊಳ್ಳಿ. ಇಂಟರ್ನ್‌ಶಿಪ್‌ನಲ್ಲಿ ಸಿಗುವುದರಲ್ಲಿ ನಾನು ಇದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ. ಬೇಡ ಅಂದವರು ಯಾಕೆ ಬೇಡ ಅಂದರು ಅಂತ ಕೇಳಿ ತಿಳಿಯುವ ಧೈರ್ಯ ವರದಿಗಾರಿಕೆಗೂ ಬೇಕು, ಬೇರೆ ಯಾವ ಕೆಲಸಕ್ಕೂ ಬೇಕು.

ಕುಡ್ಲದ_ಗಾಳಿ
ನಂದಿನಿ ಲಾಂಛನ 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿ ಮೇಲೆ ಬಂತಲ್ಲ, ಅದು ಪಿಆರ್ ಲೆಕ್ಕಕ್ಕೆ ಬರುತ್ತದಾ ಜಾಹೀರಾತು ಲೆಕ್ಕಕ್ಕಾ? ನಮ್ಮ ಮನೆಯಲ್ಲಿ ಇದೇ ವಾದ.

ಏಜೆನ್ಸಿ_ಅಕ್ಕ
ಪ್ರಾಯೋಜಕತ್ವಕ್ಕೆ ದುಡ್ಡು ಕೊಟ್ಟದ್ದು ಮಾರ್ಕೆಟಿಂಗ್. "ನಮ್ಮ ಹಾಲಿನ ಹೆಸರು ಐರ್ಲೆಂಡಿನವರ ತೋಳ ಮೇಲೆ" ಅಂತ ಪತ್ರಿಕೆಗಳು ತಾವಾಗಿ ಬರೆದು, ಜನ ಮೆಚ್ಚಿಕೊಂಡು ಫೋಟೋ ಹಂಚಿದರಲ್ಲ, ಅಲ್ಲಿಂದ ಪಿಆರ್. ಕನ್ನಡದ ಅಕ್ಷರ ಕಂಡು ಎಷ್ಟು ಜನ ಖುಷಿಪಟ್ಟರು ನೆನಪಿದೆಯಾ?

ಹಾಸನ_ಹೈದ
ನೆನಪಿದೆ! ಅವತ್ತು ನಾನು ಸ್ಕಾಟ್ಲೆಂಡ್ ಫ್ಯಾನ್.

ತುಂಗಾತೀರ
ಎಲ್ಲವನ್ನೂ ಮನೆಯಲ್ಲಿ ಓದಿ ಹೇಳಿದೆ. ಏಜೆನ್ಸಿಗೆ ಫೋನ್ ಮಾಡಿ ಅಕ್ಕ ಹೇಳಿದ ಪ್ರಶ್ನೆಗಳನ್ನೇ ಕೇಳಿದೆ. ಕನ್ನಡ ಪ್ರಕಟಣೆ ಬರೆಯುವುದು ಮತ್ತು ಉತ್ತರ ಕರ್ನಾಟಕ, ಮಲೆನಾಡಿನ ಪತ್ರಿಕೆಗಳಿಗೆ ಫೋನ್ ಮಾಡುವುದು ನನ್ನ ಕೆಲಸ ಅಂದರು. ಒಬ್ಬ ಮೇಡಂ ಹೆಸರು ಕೊಟ್ಟು ಅವರೇ ನೋಡಿಕೊಳ್ಳುತ್ತಾರೆ ಅಂದರು. ಮೇಲ್‌ನಲ್ಲೂ ಬರೆದು ಕಳಿಸಿದ್ದಾರೆ. ಬೆಂಗಳೂರಿನ ವಿಜಯನಗರದಲ್ಲಿ ಅತ್ತೆ ಮನೆ ಇದೆ, ಪಿ.ಜಿ. ಬೇಡ ಅಂತ ಅಪ್ಪ ಹೇಳಿದ್ದಾರೆ. ಹೋಗುತ್ತಿದ್ದೇನೆ. @ಸತ್ಯವೇ_ಸುದ್ದಿ ಸರ್, ನಿಮ್ಮ ಮಾತೂ ತಲೆಯಲ್ಲಿದೆ. ಸುಳ್ಳು ಬರೆ ಅಂದರೆ ಬರೆಯುವುದಿಲ್ಲ.

ಒಂದು ಕೊನೆಯ ಪ್ರಶ್ನೆ. ಇಂಟರ್ನ್‌ಶಿಪ್ ವರದಿಯಲ್ಲಿ ಕ್ಲೈಂಟ್ ಹೆಸರು, ನಾನು ಬರೆದ ಪ್ರಕಟಣೆ ಹಾಕಬಹುದಾ?

ಸತ್ಯವೇ_ಸುದ್ದಿ
ಹೋಗಿ ಬನ್ನಿ. ಬರೆಯಲ್ಲ ಅಂದದ್ದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಯಾವ ಸಂಖ್ಯೆಯನ್ನು ಯಾರು ಕೊಟ್ಟರು ಅಂತ ಮೇಲ್‌ನಲ್ಲಿ ಕೇಳಿ ಇಟ್ಟುಕೊಳ್ಳಿ. ಅದು ವರದಿಗಾರರ ಅಭ್ಯಾಸ, ಅಲ್ಲೂ ಇರಲಿ.

ಏಜೆನ್ಸಿ_ಅಕ್ಕ
ಹೊರಗೆ ಹೋಗಿ ಪ್ರಕಟವಾದದ್ದನ್ನು ಹಾಕಬಹುದು, ಅದು ಎಲ್ಲರ ಕೈಗೂ ಸಿಕ್ಕಿರುತ್ತದೆ. ಕರಡು, ಕ್ಲೈಂಟ್ ಜೊತೆಗಿನ ಮೇಲ್, ಯಾವ ವಿಷಯವನ್ನು ಯಾವಾಗ ಹೊರಗೆ ಬಿಡಬೇಕು ಅನ್ನುವ ಯೋಜನೆ, ಇವು ಬೇಡ. ಸೇರುವಾಗ ಒಂದು ಗೋಪ್ಯತೆ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಪೂರ್ತಿ ಓದಿ ಒಂದು ಪ್ರತಿ ಇಟ್ಟುಕೋ. ಪತ್ರಕರ್ತರ ಫೋನ್ ನಂಬರ್ ಇರುವ ಮೀಡಿಯಾ ಲಿಸ್ಟ್ ಅಂತೂ ವರದಿಗೆ ಹಾಕಲೇಬೇಡ, ಗೆಳತಿಯರಿಗೂ ಕಳಿಸಬೇಡ.

ಪಾಠದ_ಮೇಷ್ಟ್ರು
ಗೋಪ್ಯ ಇದ್ದ ಕಡೆ "ಒಂದು ಕೃಷಿ ಕಂಪನಿ" ಅಂತ ಬರೆದರೆ ವೈವಾದಲ್ಲಿ ಯಾರೂ ತಕರಾರು ಮಾಡುವುದಿಲ್ಲ. ನಾವು ಕೇಳುವುದು ನೀವು ಮೊದಲು ಬರೆದದ್ದು ಹೇಗಿತ್ತು, ತಿದ್ದಿದ ಮೇಲೆ ಹೇಗಾಯಿತು, ಯಾಕೆ ತಿದ್ದಿದರು ಅಂತ. ಹೊರಗೆ ತೋರಿಸಲು ಏಜೆನ್ಸಿಯ ಮೇಡಂ ಒಪ್ಪಿದ ಒಂದೆರಡು ಕರಡುಗಳನ್ನು ಜೊತೆಗೇ ಇಟ್ಟುಕೊಳ್ಳಿ. ಡೈರಿ ಅವತ್ತವತ್ತೇ ಬರೆಯಿರಿ, ಕೊನೆಯ ವಾರ ಕೂತು ಬರೆದದ್ದು ಓದಿದ ಕೂಡಲೇ ಗೊತ್ತಾಗುತ್ತದೆ.